ಮಗ ಅನಿಸಿಕೊಂಡವನೇ ಎದುರು ನಿಂತ: ತಪ್ಪು ಯಾರದು?

‘ರಾಕ್ಷಸ ತಂಗಡಿ’ ಬಗ್ಗೆ ನಾಲ್ಕು ಊರಿನ ಮಂದಿಯ ವಾದ-ವಿವಾದ

ಮುದ್ದೇಬಿಹಾಳ ತಾಲೂಕಿನ ರಕ್ಕಸಗಿ ಮತ್ತು ತಂಗಡಗಿ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಹೊಸ ಹೆಸರುಗಳಲ್ಲ. ಗಿರೀಶ ಕಾರ್ನಾಡರು 1565ರ ಕಾಳಗದ ಮೇಲೆ ಬರೆದು 2018ರಲ್ಲಿ ಪ್ರಕಟವಾದ ನಾಟಕಕ್ಕೆ ಇಟ್ಟ ಹೆಸರು ‘ರಾಕ್ಷಸ ತಂಗಡಿ’. ಮರುವರ್ಷ ಜೂನ್ 10ರಂದು ಕಾರ್ನಾಡರು ತೀರಿಕೊಂಡರು. ಅದೇ ಅವರ ಕಡೆಯ ನಾಟಕವಾಯಿತು.

ಬೇರೆ ಊರಿನವರು ಈ ನಾಟಕ ನೋಡಿ ಎದ್ದಾಗ ಪಾತ್ರಧಾರಿ ಹೆಂಗ ಮಾಡಿದ, ಉಡುಪು ಹೆಂಗಿತ್ತು ಅಂತ ಮಾತಾಡಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಇದು ಮನೆ ಮುಂದಿನ ಜಗಳ. ಕೇಳುವ ಪ್ರಶ್ನೆಯೂ ನೇರ. ವಿಜಯಾಪುರದ ಹರೆಯದ ಅರಸ ಅಲಿ ಆದಿಲಶಾಹ, ತನ್ನನ್ನು ಮಗನೆಂದು ಕರೆದ ಅಳಿಯ ರಾಮರಾಯನ ವಿರುದ್ಧ ನಿಂತದ್ದು ಸರಿಯೋ, ತಪ್ಪೋ?

ಉಡಿಯಲ್ಲಿ ಹಾಕಿಕೊಂಡ ಮಗ

ಮೊದಲು ಸಂಗತಿ ಏನು ಅಂತ ನೋಡಬೇಕು. ಅಲಿ 1558ರಲ್ಲಿ ಪಟ್ಟಕ್ಕೆ ಬಂದ. ಅದಕ್ಕೂ ಮೊದಲು ಹೆತ್ತ ತಂದೆಯೇ ಮಗನ ಮೇಲೆ ಸಂಶಯಪಟ್ಟು ಅವನನ್ನು ಮೀರಜ್ ಕೋಟೆಯಲ್ಲಿ ಇಟ್ಟಿದ್ದ. ಪಟ್ಟಕ್ಕೆ ಬಂದಾಗ ಅಹ್ಮದ್‌ನಗರದ ಹುಸೇನ್ ನಿಜಾಮಶಾಹ ಬಗಲಲ್ಲೇ ಕಾದು ಕುಳಿತಿದ್ದ. ಹುಡುಗ ಅರಸನಿಗೆ ಒಬ್ಬ ಬಲವಾದ ಆಸರೆ ಬೇಕಿತ್ತು.

ಅದೇ ಹೊತ್ತಿಗೆ ರಾಮರಾಯನ ಮಗನೊಬ್ಬ ತೀರಿಕೊಂಡ. ಅಲಿ ಸ್ವಲ್ಪೇ ಮಂದಿಯನ್ನು ಕಟ್ಟಿಕೊಂಡು ತಾನೇ ವಿಜಯನಗರಕ್ಕೆ ಹೋಗಿ ದುಃಖ ವಿಚಾರಿಸಿದ. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ಇದನ್ನು ಬರೆದಿಟ್ಟವನು ಮುಂದೆ ವಿಜಯಾಪುರದ ದರ್ಬಾರಿನಲ್ಲೇ ಇದ್ದ ಇತಿಹಾಸಕಾರ ಫೆರಿಶ್ತಾ. ಅವನು ಇನ್ನೊಂದು ಸಣ್ಣ ಮಾತನ್ನೂ ಸೇರಿಸಿದ್ದಾನೆ. ಅಲಿ ತಿರುಗಿ ಹೊರಟಾಗ ರಾಮರಾಯ ಊರ ಹೊರಗಿನ ತನಕ ಬಂದು ಕಳಿಸಿಕೊಡಲಿಲ್ಲ. ಹುಡುಗನ ಮನಸ್ಸಿಗೆ ಅದು ನಾಟಿತು.

ನಾಟಕ ನೋಡಿದವರಲ್ಲಿ ಎರಡು ಪಕ್ಷ ಆಗುವುದು ಇಲ್ಲಿಂದಲೇ. ಮಗಾ ಅಂತ ಉಡಿಯಾಗ ಹಾಕ್ಕೊಂಡವರ ಮ್ಯಾಲೆ ಕತ್ತಿ ಎತ್ತಬಾರದಿತ್ತು ಎಂಬುದು ಒಂದು ವಾದ. ಹಿರಿಯ ಅನಿಸಿಕೊಂಡವ ಅಗಸಿ ತನಕ ಬಂದು ಕಳಸಬೇಕಿತ್ತಲ್ಲ, ಅಷ್ಟೂ ರೀತಿ ಗೊತ್ತಿಲ್ಲೇನು ಎಂಬುದು ಇನ್ನೊಂದು. ಬೀಗರನ್ನು ಬಸ್ ಸ್ಟ್ಯಾಂಡಿನ ತನಕ ಕಳಿಸಿ, ಬಸ್ ಹೊರಟ ಮೇಲೆ ಮನೆಗೆ ತಿರುಗುವ ನಾಡಿನಲ್ಲಿ ಎರಡನೇ ವಾದಕ್ಕೆ ತೂಕ ಕಡಿಮೆ ಏನಿಲ್ಲ.

ಸೊಲ್ಲಾಪುರದ ಬಾಕಿ

ಇಂಡಿ ಕಡೆಯವರ ವ್ಯವಹಾರ ಮೊದಲಿನಿಂದಲೂ ಸೊಲ್ಲಾಪುರದ ಜೊತೆ. ಈ ಕಥೆಯಲ್ಲಿ ಅವರ ಕಣ್ಣು ಬೀಳುವುದೂ ಸೊಲ್ಲಾಪುರ ಕೋಟೆಯ ಮೇಲೆ. 1524ರಲ್ಲಿ ವಿಜಯಾಪುರದ ರಾಜಕುಮಾರಿ ಮರಿಯಂಳನ್ನು ಅಹ್ಮದ್‌ನಗರಕ್ಕೆ ಕೊಟ್ಟಾಗ ವರದಕ್ಷಿಣೆಯಾಗಿ ಸೊಲ್ಲಾಪುರ ಕೊಡುವುದಾಗಿ ಮಾತಾಗಿತ್ತು. ಕೊಡಲಿಲ್ಲ. ಆ ಒಂದು ಬಾಕಿಯ ಸಲುವಾಗಿ ಎರಡು ಮನೆತನಗಳು ನಾಲ್ಕು ದಶಕ ಹೊಡೆದಾಡಿದವು.

ಆ ಖಾತೆ ಮುಗಿದದ್ದು ಇನ್ನೊಂದು ಮದುವೆಯಿಂದ. ಹುಸೇನ್ ನಿಜಾಮಶಾಹ ತನ್ನ ಮಗಳು ಚಾಂದಬೀಬಿಯನ್ನು ಅಲಿಗೆ ಕೊಟ್ಟ, ಸೊಲ್ಲಾಪುರ ಕೋಟೆಯನ್ನೂ ಅವಳ ಜೊತೆಗೆ ಕೊಟ್ಟ. ಅಲಿಯ ತಂಗಿ ಹುಸೇನನ ಮಗನ ಮನೆ ತುಂಬಿದಳು. ನಿನ್ನೆಯ ವೈರಿ ಇಂದಿನ ಮಾವನಾದ. ಗೋಲ್ಕೊಂಡದ ಇಬ್ರಾಹಿಂ ಕುತುಬಶಾಹ, ಬೀದರದ ಅಲಿ ಬರೀದ ಕೂಡಿಕೊಂಡರು. ಈ ಇಬ್ರಾಹಿಂ ಸಹ ಹರೆಯದಲ್ಲಿ ಏಳು ವರ್ಷ ವಿಜಯನಗರದ ಅನ್ನ ಉಂಡವನು.

ಅಂಗಡಿಕಾರರಿಗೆ ಇದರ ಲೆಕ್ಕ ಬೇಗ ತಿಳಿಯುತ್ತದೆ. ಒಂದು ಕಡೆ ಬಾಯಿಮಾತಿನ ಮಗ, ಇನ್ನೊಂದು ಕಡೆ ಕೋಟೆ ಸಮೇತ ಬಂದ ಸೊಸೆ. ರಾಮರಾಯ ಅಲಿಯನ್ನು ಜೊತೆಗೆ ಕಟ್ಟಿಕೊಂಡು ಅಹ್ಮದ್‌ನಗರದ ಮೇಲೆ ದಂಡು ಒಯ್ದಿದ್ದು ನಿಜ. ಆದರೆ ರಾಯಚೂರು, ಮುದಗಲ್ಲು ಕೋಟೆಗಳ ಲೆಕ್ಕ ಇಬ್ಬರ ನಡುವೆ ಚುಕ್ತಾ ಆಗಿರಲಿಲ್ಲ. ಖಾತೆಯಲ್ಲಿ ಬಾಕಿ ಇಟ್ಟುಕೊಂಡು ಕಾಕಾ, ಮಾಮಾ ಅಂದರೆ ಎಷ್ಟು ದಿನ ನಡೆದೀತು?

ಬಾಗೇವಾಡಿಯ ಕಿವಿಗೆ ‘ಕಲ್ಯಾಣ’

ನಾಟಕದ ರಾಮರಾಯನಿಗೆ ಇರುವ ದೊಡ್ಡ ಹಂಬಲ ಕಲ್ಯಾಣದ್ದು. ಅವನು ಅರಸನ ಮಗನಲ್ಲ, ಕೃಷ್ಣದೇವರಾಯನ ಅಳಿಯ. ತಾನು ಕಲ್ಯಾಣದ ಚಾಲುಕ್ಯರ ವಂಶದವ ಎಂದು ಹೇಳಿಕೊಂಡರೆ ಮಾತ್ರ ತನಗೆ ಮರ್ಯಾದೆ ಅಂತ ಅವನಿಗೆ ಅನಿಸಿದೆ.

ಈ ‘ಕಲ್ಯಾಣ’ ಎಂಬ ಶಬ್ದ ಬಸವನ ಬಾಗೇವಾಡಿಯವರ ಕಿವಿಗೆ ಬೇರೆ ರೀತಿ ಬೀಳುತ್ತದೆ. ಅವರ ಊರಿನ ಮಗ ಬಸವಣ್ಣ ಮುಂದೆ ಕಲ್ಯಾಣ ಸೇರಿ ಹುಟ್ಟಿನ ಹಿರಿಮೆ ಸುಳ್ಳು ಎಂದು ಸಾರಿದವನು. ಅದೇ ಕಲ್ಯಾಣದ ಹೆಸರು ಹೇಳಿ ನಾಲ್ಕುನೂರು ವರ್ಷದ ಮೇಲೆ ಒಬ್ಬ ಮುದುಕ ಹುಟ್ಟಿನ ಹಿರಿಮೆ ಹುಡುಕಿಕೊಂಡು ಹೊರಟ ಅಂದರೆ ಬಾಗೇವಾಡಿಯವರು ಮುಖ ಸಿಂಡರಿಸುವುದು ಸಹಜ.

ಇಲ್ಲಿಯವರಿಗೆ ಇನ್ನೊಬ್ಬ ಹರೆಯದ ಅರಸನ ನೆನಪೂ ಬರುತ್ತದೆ. ಕಾರ್ನಾಡರದೇ 1990ರ ‘ತಲೆದಂಡ’ದಲ್ಲಿ ಬಿಜ್ಜಳನ ಮಗ ಸೋವಿದೇವ ಅಪ್ಪನನ್ನೇ ಬಂಧನದಲ್ಲಿಟ್ಟು ಗದ್ದುಗೆ ಹಿಡಿಯುತ್ತಾನೆ. ಅವನ ಮುಂದೆ ಅಲಿಯನ್ನು ಇಟ್ಟು ನೋಡಿದರೆ ಅಲಿ ಎಷ್ಟೋ ಪಾಲು ಬುದ್ಧಿವಂತ. ಅವನು ಸಿಟ್ಟಿನಿಂದ ಹೊರಟವನಲ್ಲ, ಲೆಕ್ಕ ಹಾಕಿ ಹೊರಟವನು.

ತಾಳಿಕೋಟಿಯೋ, ತಂಗಡಗಿಯೋ?

ಸಿಂದಗಿಯವರು ಕಲಿತ ಶಾಲೆ ಪುಸ್ತಕದಲ್ಲಿ ಇದು ತಾಳಿಕೋಟಿ ಯುದ್ಧ. ನಾಟಕದ ಹೆಸರು ನೋಡಿದವರು ತಾಳಿಕೋಟಿ ಎಲ್ಲಿ ಹೋಯ್ತು ಎಂದು ಕೇಳುತ್ತಾರೆ. ಉತ್ತರ ಸರಳ ಇದೆ. ಸುಲ್ತಾನರ ದಂಡು 1564ರ ಡಿಸೆಂಬರದಲ್ಲಿ ಜಮಾಯಿಸಿದ್ದು ತಾಳಿಕೋಟಿಯಲ್ಲಿ. ಕಾದಿದ್ದು ಕೃಷ್ಣಾ ಹೊಳೆಯ ಬದಿಗೆ, 1565ರ ಜನೇವರಿ 23ರಂದು.

ಹೊಳೆ ದಾಟುವ ಜಾಗದಲ್ಲಿ ವಿಜಯನಗರದವರು ಕಾವಲು ಹಾಕಿದ್ದರು. ಸುಲ್ತಾನರು ಬೇರೆ ಕಡೆ ದಾಟುವವರಂತೆ ದಂಡೆಗುಂಟ ನಡೆದರು. ಎದುರಿನವರೂ ಆಚೆ ದಂಡೆಗೆ ಅವರ ಬೆನ್ನು ಹತ್ತಿದರು. ಆಗ ಸುಲ್ತಾನರು ಥಟ್ಟನೆ ತಿರುಗಿ ಬಂದು ಮೊದಲಿನ ಜಾಗದಲ್ಲೇ ಹೊಳೆ ದಾಟಿಬಿಟ್ಟರು. ರಾಮರಾಯ ಕಾಳಗದಲ್ಲಿ ಸಿಕ್ಕಿಬಿದ್ದ. ಅವನ ತಲೆ ಹಾರಿಸಿದವನು ಹುಸೇನ್ ನಿಜಾಮಶಾಹ. ಅಲಿಯ ಕೈಯಿಂದ ಆ ಕೆಲಸ ಆಗಲಿಲ್ಲ ಎಂಬುದನ್ನು ಅಲಿಯ ಪಕ್ಷದವರು ಮರೆಯದೆ ಎತ್ತಿ ಹೇಳುತ್ತಾರೆ.

ಜಾತಿ ಜಗಳ ಅಲ್ಲ

ಇಂಥ ನಾಟಕ ನೋಡಿ ಬಂದಾಗ ಕೆಲವರು ಇದನ್ನು ಹಿಂದೂ-ಮುಸ್ಲಿಂ ಜಗಳ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಯುದ್ಧದ ನಡುವೆ ರಾಮರಾಯನ ಇಬ್ಬರು ಮುಸಲ್ಮಾನ ಸರದಾರರು ಪಕ್ಷ ಬದಲಿಸಿದ್ದೇ ಸೋಲಿಗೆ ಕಾರಣ ಎಂಬ ಮಾತೂ ಇದೆ. ಅದನ್ನು ಬರೆದವನು 1567ರಲ್ಲಿ ಆ ಹಾಳು ಪಟ್ಟಣ ನೋಡಿದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್.

ಆ ಮಾತು ನಿಜವೇ ಎಂದು ಇಟ್ಟುಕೊಂಡರೂ ಅದು ಹೇಳುವುದು ಏನು? ರಾಮರಾಯನ ದಂಡಿನಲ್ಲಿ ದೊಡ್ಡ ಹುದ್ದೆಯ ಮೇಲೆ ಮುಸಲ್ಮಾನ ಸರದಾರರು ಇದ್ದರು ಅಂತ. ಸುಲ್ತಾನರ ಕಡೆ ಮರಾಠಾ ಸವಾರರಿದ್ದರು. ಕೆಲವೇ ವರ್ಷ ಮೊದಲು ಅಲಿ ಮತ್ತು ರಾಮರಾಯ ಒಂದೇ ದಂಡಿನಲ್ಲಿ ಕೂಡಿ ಅಹ್ಮದ್‌ನಗರದ ಮೇಲೆ ಹೋಗಿದ್ದರು. ಕೋಟೆ, ಕಂದಾಯ, ಮಾನ, ಹಠ ಇವುಗಳ ಜಗಳ ಅದು. ಸಂತೆಯಲ್ಲಿ ಒಂದೇ ಸಾಲಿನಲ್ಲಿ ಅಂಗಡಿ ಹಚ್ಚಿ ಕೂಡುವ ಮಂದಿ ಅದನ್ನು ತಮ್ಮ ಜಗಳ ಮಾಡಿಕೊಳ್ಳಬೇಕಾಗಿಲ್ಲ.

ಕಾರ್ನಾಡರ 1964ರ ‘ತುಘಲಕ್’ ನೋಡಿದ ಮಂದಿ ಅದರೊಳಗೆ ನೆಹರೂ ಕಾಲದ ನಿರಾಸೆ ಕಂಡರು. ಅರಸರ ನಾಟಕ ನೋಡುವವರು ಇಂದಿನ ಕುರ್ಚಿಯನ್ನು ಹುಡುಕುವುದು ಹೊಸದಲ್ಲ. ಹುಡುಕಲಿ. ಆದರೆ ಹುಡುಕಬೇಕಾದ್ದು ಕುರ್ಚಿಯನ್ನು, ನೆರೆಮನೆಯವನನ್ನಲ್ಲ.

ಮಾತಿಲ್ಲದ ಅರಸ

ಅಲಿಯ ಪಕ್ಷ, ರಾಮರಾಯನ ಪಕ್ಷ ಎಂದು ವಾದಿಸುವ ಭರದಲ್ಲಿ ಒಬ್ಬನನ್ನು ಎಲ್ಲರೂ ಮರೆಯುತ್ತಾರೆ. ವಿಜಯನಗರದ ನಿಜವಾದ ಅರಸ ರಾಮರಾಯ ಅಲ್ಲವೇ ಅಲ್ಲ, ಸದಾಶಿವರಾಯ. ಎಳೆಯ ವಯಸ್ಸಿನಲ್ಲಿ ಅವನನ್ನು ಗದ್ದುಗೆಗೆ ಕೂರಿಸಿ, ಕಾರಭಾರವನ್ನೆಲ್ಲ ರಾಮರಾಯ ತನ್ನ ಕೈಯಲ್ಲಿ ಇಟ್ಟುಕೊಂಡ. ಯುದ್ಧ ಮಾಡಬೇಕೋ ಬ್ಯಾಡೋ ಅಂತ ಆ ಅರಸನನ್ನು ಕೇಳಿದವರು ಯಾರು? ಸೋತ ಮೇಲೆ ರಾಮರಾಯನ ತಮ್ಮ ತಿರುಮಲ ಅವನನ್ನು ಪೆನುಗೊಂಡೆಗೆ ಕರೆದೊಯ್ದ. ಕೆಲವು ವರ್ಷದಲ್ಲಿ ರಾಜ್ಯ ತಿರುಮಲನ ಮನೆತನದ್ದಾಯಿತು.

ಗೆದ್ದ ಅಲಿಗೆ ರಾಯಚೂರು, ಮುದಗಲ್ಲು ಸಿಕ್ಕವು. ವಿಜಯಾಪುರದಲ್ಲಿ ಜುಮ್ಮಾ ಮಸೀದಿ ಎದ್ದಿತು, ಹೆಂಡತಿಯ ಹೆಸರಿನಲ್ಲಿ ಚಾಂದ ಬಾವಡಿ ಆಯಿತು. 1580ರಲ್ಲಿ ಅವನು ಅರಮನೆಯಲ್ಲೇ ಕೊಲೆಯಾದ. ಮಗ ಇರಲಿಲ್ಲ. ಒಂಬತ್ತು ವರ್ಷದ ಇಬ್ರಾಹಿಂನನ್ನು ಕೂರಿಸಿ ಸರದಾರರು ಒಬ್ಬರ ಬೆನ್ನಿಗೆ ಒಬ್ಬರು ಕಾರಭಾರ ಕಸಿದುಕೊಂಡರು. ಅವರಲ್ಲಿ ಒಬ್ಬ ಚಾಂದಬೀಬಿಯನ್ನು ಸಾತಾರಾದಲ್ಲಿ ಸೆರೆ ಇಟ್ಟ. ಕಡೆಗೆ 1686ರಲ್ಲಿ ವಿಜಯಾಪುರ ಔರಂಗಜೇಬನ ಕೈಗೆ ಬಿದ್ದಾಗ ಗದ್ದುಗೆಯ ಮೇಲಿದ್ದ ಸಿಕಂದರ ಇನ್ನೂ ಮೀಸೆ ಮೂಡುವ ವಯಸ್ಸಿನವ. ಪಟ್ಟಕ್ಕೆ ಬಂದಾಗ ನಾಲ್ಕೈದು ವರ್ಷದ ಕೂಸು.

ಹೀಗೆ ಹುಡುಗ ಅರಸರನ್ನೂ, ಅವರ ಬೆನ್ನ ಹಿಂದೆ ನಿಂತ ಕೈಗಳನ್ನೂ ಮೇಲಿಂದ ಮೇಲೆ ಕಂಡ ಜಿಲ್ಲೆ ಇದು. ಅದಕ್ಕೇ ಅಲಿ ಮಾಡಿದ್ದು ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಗ ಮುಗಿಯುವುದಿಲ್ಲ. ವಿಜಯಾಪುರದಲ್ಲಿ ಕಂದಗಲ್ ಹನುಮಂತರಾಯರ ಹೆಸರಿನ ರಂಗಮಂದಿರ ಇದೆ. ಆದರೆ ರಾತ್ರಿ ನಾಟಕ ಮುಗಿದ ಮೇಲೆ ಮುದ್ದೇಬಿಹಾಳಕ್ಕೋ ಇಂಡಿಗೋ ತಿರುಗಿ ಹೋಗುವುದು ಬಸ್ ನಂಬಿದವರಿಗೆ ಸುಲಭ ಅಲ್ಲ. ನಾಟಕ ತಂಡದವರು ಈ ನಾಲ್ಕು ಊರಿಗೇ ಬರಲಿ. ಮೊದಲ ಆಟ ತಂಗಡಗಿಯಲ್ಲೇ ಆಗಲಿ. ತಮ್ಮ ಊರಿನ ಹೆಸರು ಹೊತ್ತ ನಾಟಕದ ಬಗ್ಗೆ ಆ ಊರವರ ಅಭಿಪ್ರಾಯವೂ ಒಂದಷ್ಟು ಕೇಳಿಸಲಿ.