ಮಕ್ಕಳ ಪ್ರಶ್ನೆಗೆ ಹಿರಿಯರ ಉತ್ತರವೇನು?

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ನಾವು ಮಕ್ಕಳನ್ನು ಬಗ್ಗಿಸುವುದಕ್ಕಾಗಿಯೇ ಬಳಸುತ್ತ ಬಂದಿರುವೆವು. ನೆಟ್ಟಗೆ ನಿಲ್ಲುವುದನ್ನೂ ಗಿಡವು ಎಳವೆಯಲ್ಲಿಯೇ ಕಲಿಯಬೇಕೆಂಬುದನ್ನು ಮರೆತಿರುವೆವು. ಹಿರಿಯರೆದುರು ಬಾಯಿ ಬಿಡದವನೇ ಸುಶೀಲನೆಂದು ಹೊಗಳಿ ಬೆಳಸಿ, ಪ್ರಾಯಕ್ಕೆ ಬಂದಮೇಲೆ ಅವನು ಸಭೆಯಲ್ಲಿ ನಾಲ್ಕು ಮಾತನಾಡಲಾರನೆಂದು ಹಳಹಳಿಸಿದರೆ ತಪ್ಪು ಯಾರದು? 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಆದರೆ ಹದಿನೆಂಟು ತುಂಬಿದ ದಿನವೇ ಪೌರಬುದ್ಧಿಯು ತಾನಾಗಿ ಉದಯಿಸತಕ್ಕದ್ದಲ್ಲ. ಈಜನ್ನು ನೀರಿಗಿಳಿದೇ ಕಲಿಯಬೇಕು.

ಮಕ್ಕಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಅವರ ಅಭಿಪ್ರಾಯಕ್ಕೆ ವಯಸ್ಸಿಗೂ ಪಕ್ವತೆಗೂ ತಕ್ಕ ಮನ್ನಣೆಯಿರಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯು ಹೇಳುತ್ತದೆ. ಭಾರತವು 1992ರಲ್ಲಿ ಅದಕ್ಕೆ ಸಮ್ಮತಿಯಿತ್ತಿತು. ಕುಂದಾಪುರ ತಾಲ್ಲೂಕಿನ ಕೆಲವು ಗ್ರಾಮಗಳಲ್ಲಿ ಆ ದಶಕದಲ್ಲಿಯೇ ಮಕ್ಕಳ ಪಂಚಾಯತಿಗಳು ನಡೆದುವು. 2006ರಿಂದೀಚೆಗೆ ಕರ್ನಾಟಕದ ಗ್ರಾಮ ಪಂಚಾಯತಿಗಳು ಮಕ್ಕಳ ಗ್ರಾಮಸಭೆಯನ್ನು ಕರೆಯುವ ಪದ್ಧತಿಯು ನೆಲೆಗೊಂಡಿದೆ. ಶಾಲೆಯ ಶೌಚಾಲಯ, ಕುಡಿಯುವ ನೀರು, ಆಟದ ಬಯಲು, ಹಳ್ಳದಾಚೆಯ ಮಕ್ಕಳಿಗೆ ಬೇಕಾದ ಕಾಲುಸಂಕ, ಇವನ್ನು ಕುರಿತು ಮಕ್ಕಳು ಅಧ್ಯಕ್ಷರನ್ನೂ ಅಧಿಕಾರಿಗಳನ್ನೂ ನೇರವಾಗಿ ಪ್ರಶ್ನಿಸಬಹುದು.

ಇಂತಹ ಸಭೆಯ ಹಿರಿಮೆಯಿರುವುದು ಬೇಡಿಕೆಗಳ ಪಟ್ಟಿಯಲ್ಲಲ್ಲ. ತನಗೊಂದು ಪುಸ್ತಕ ಬೇಕೆನ್ನುವ ಮಗುವು ಅಲ್ಲಿ ಊರಿಗೊಂದು ಗ್ರಂಥಾಲಯ ಬೇಕೆನ್ನಲು ಕಲಿಯುತ್ತದೆ. ನಡೆಯಲಾರದ ಸಹಪಾಠಿಯ ಪರವಾಗಿ ಎದ್ದು ನಿಲ್ಲುತ್ತದೆ. ‘ನಾನು’ ಎಂಬುದು ‘ನಾವು’ ಆಗುವ ಪಾಠವಿದು. ಯಾವ ಪಠ್ಯಪುಸ್ತಕವೂ ಇದನ್ನು ಬಾಯಿಪಾಠ ಮಾಡಿಸಲಾರದು.

ಆದರೆ ಹಾರತುರಾಯಿ, ಸ್ವಾಗತ, ಹಿರಿಯರ ದೀರ್ಘ ಭಾಷಣ ಇವುಗಳಲ್ಲಿಯೇ ಹೊತ್ತು ಕಳೆದು, ಮಕ್ಕಳ ಪ್ರಶ್ನೆಗೆ ‘ನೋಡೋಣ’ ಎಂಬ ಒಂದೇ ಮಾತು ದೊರೆತರೆ ಆಗುವ ಅನರ್ಥವು ಸಣ್ಣದಲ್ಲ. ಕೇಳಿ ಫಲವಿಲ್ಲವೆಂಬುದನ್ನು ಹತ್ತು ವರ್ಷದ ಮಗುವು ಅಂದೇ ಕಲಿಯುತ್ತದೆ. ಆ ಪಾಠವನ್ನು ಜನ್ಮಪರ್ಯಂತ ಮರೆಯದು. ಆದುದರಿಂದ ಪ್ರತಿಯೊಂದು ಪ್ರಶ್ನೆಯನ್ನೂ ಬರೆದಿಟ್ಟುಕೊಳ್ಳಬೇಕು. ಆಗುವುದಾದರೆ ಎಂದು ಆಗುವುದು, ಆಗದಾದರೆ ಏಕೆ ಆಗದು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಮರುವರ್ಷದ ಸಭೆಯಲ್ಲಿ ಮೊದಲು ಹಿಂದಿನ ವರ್ಷದ ಉತ್ತರಗಳನ್ನು ಓದಬೇಕು. ಹಣವಿಲ್ಲವೆಂಬ ಸತ್ಯವನ್ನು ಲೆಕ್ಕಸಹಿತ ಹೇಳಿದರೆ ಮಕ್ಕಳು ಅರಿಯಬಲ್ಲರು, ಅರಿಯಲಾರದುದು ಅಲಕ್ಷ್ಯವನ್ನು.

ಇದು ಅಧಿಕಾರಿಗಳಿಗೆ ಮಾತ್ರ ಸಲ್ಲುವ ಮಾತಲ್ಲ. ಪಟ್ಟಣದ ತಂದೆತಾಯಿಗಳಾದ ನಾವು ಮಕ್ಕಳ ಅಂಕಗಳನ್ನು ಎಣಿಸುವಷ್ಟು ಆಸ್ಥೆಯಿಂದ ಅವರ ಕೈಗೆ ಕೆಲಸವನ್ನು ಕೊಡುವೆವೇ? ತಿಂಗಳ ಸಾಮಾನಿನ ಲೆಕ್ಕ, ಅಜ್ಜಿಯ ಔಷಧದ ವೇಳೆ, ಬೀದಿಯ ನಲ್ಲಿಯ ದೂರು, ಇವುಗಳಲ್ಲಿ ಒಂದನ್ನಾದರೂ ಮಗನಿಗೂ ಮಗಳಿಗೂ ಸಮನಾಗಿ ವಹಿಸಿ, ತಪ್ಪಿದರೆ ಗದರದೆ ತಿದ್ದಿಕೊಳ್ಳಲು ಬಿಡೋಣ. ಧೈರ್ಯವು ಉಪದೇಶದಿಂದ ಬರತಕ್ಕದ್ದಲ್ಲ. ತನ್ನ ಮಾತಿಗೆ ಬೆಲೆಯುಂಟು, ತನ್ನ ಕೆಲಸದಿಂದ ಪರರಿಗೆ ಉಪಕಾರವುಂಟು ಎಂಬ ಅನುಭವದಿಂದ ಬರತಕ್ಕದ್ದು. ಆ ಅನುಭವವನ್ನು ಒದಗಿಸುವ ಹೊಣೆಯು ಹಿರಿಯರದು.