ಯುರೆಥೇನ್ ಬೌಲಿಂಗ್ ಚೆಂಡು: ಕೊಳ್ಳುವವರೂ ಮಾರುವವರೂ ತಿಳಿಯಬೇಕಾದುದು

ಹತ್ತು ಪಿನ್‌ಗಳ ಬೌಲಿಂಗ್ ಆಟವು ನಮ್ಮ ರಾಜ್ಯದಲ್ಲಿ ಮುಖ್ಯವಾಗಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಂತಹ ಕಡೆಗಳಲ್ಲಿ ಬೇರೂರಿದ ಆಟ. ದೊಡ್ಡಉಳ್ಳಾರ್ತಿಯಂತಹ ಗ್ರಾಮದಿಂದ ಉದ್ಯೋಗಕ್ಕಾಗಿ ಬೆಂಗಳೂರು ಸೇರಿದ ಯುವಕನೊಬ್ಬ ಕಂಪನಿಯ ತಂಡದಲ್ಲಿ ವಾರಕ್ಕೊಮ್ಮೆ ಲೀಗ್ ಆಡತೊಡಗಿದರೆ, ಕೆಲವೇ ತಿಂಗಳಲ್ಲಿ ಸ್ವಂತ ಚೆಂಡು ಕೊಳ್ಳುವ ವಿಚಾರ ಬರುತ್ತದೆ. ಆಗ ಆತ ಕ್ರೀಡಾ ಸಾಮಗ್ರಿಗಳ ವರ್ತಕರನ್ನು ಕೇಳುವ ಪ್ರಶ್ನೆ ಒಂದೇ: ಯಾವುದು ಒಳ್ಳೆಯ ಚೆಂಡು? ಬೆಲೆಪಟ್ಟಿಯನ್ನು ನೋಡಿ ಇದಕ್ಕೆ ಉತ್ತರಿಸಲಾಗದು. ಲೇನಿನ ಮೇಲಿನ ಎಣ್ಣೆ ಮತ್ತು ಎಸೆಯುವವನ ಕೈ, ಇವೆರಡನ್ನು ನೋಡಿಯೇ ಉತ್ತರಿಸಬೇಕು.

ಯುರೆಥೇನ್ ಎಂದರೇನು?

ಪಾಲಿಯಾಲ್ ಮತ್ತು ಐಸೋಸಯನೇಟ್ ಎಂಬ ಎರಡು ರಾಸಾಯನಿಕಗಳ ಸಂಯೋಗದಿಂದ ಪಾಲಿಯುರೆಥೇನ್ ದೊರೆಯುತ್ತದೆ. ನಮ್ಮ ಸೀಮೆಯ ರೈತರಿಗೆ ಪರಿಚಿತವಾದ ಹರಳೆಣ್ಣೆಯೂ ಒಂದು ನೈಸರ್ಗಿಕ ಪಾಲಿಯಾಲ್ ಆಗಿದ್ದು, ಯುರೆಥೇನ್ ಲೇಪನ ಹಾಗೂ ಅಂಟುಗಳ ತಯಾರಿಕೆಯಲ್ಲಿ ಬಳಕೆಯಾಗುತ್ತದೆ. ಬೌಲಿಂಗ್ ಚೆಂಡಿನ ಹೊರಕವಚಕ್ಕೆ ಮೊದಲು ಗಡಸು ರಬ್ಬರ್, 1960ರ ಸುಮಾರಿನಿಂದ ಪಾಲಿಯೆಸ್ಟರ್, 1980ರ ದಶಕದ ಆರಂಭದಲ್ಲಿ ಯುರೆಥೇನ್, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಬಂದವು. ಇಂದು ರಿಯಾಕ್ಟಿವ್ ಚೆಂಡುಗಳೇ ಹೆಚ್ಚು ಬಳಕೆಯಲ್ಲಿದ್ದರೂ ಯುರೆಥೇನ್ ತನ್ನ ಸ್ಥಾನವನ್ನು ಉಳಿಸಿಕೊಂಡಿದೆ.

ಎಣ್ಣೆಯ ಲೆಕ್ಕ

ಎಣ್ಣೆನಗರಿ ಎಂದೇ ಹೆಸರಾದ ಚಳ್ಳಕೆರೆಯ ವರ್ತಕರಿಗೆ ಎಣ್ಣೆಯ ಗುಣವನ್ನು ವಿವರಿಸಬೇಕಾಗಿಲ್ಲ. ಎಸೆಯುವ ಗೆರೆಯಿಂದ ಮೊದಲ ಪಿನ್‌ವರೆಗೆ 60 ಅಡಿ ಉದ್ದವಿರುವ ಲೇನಿನ ಮುಂಭಾಗಕ್ಕೆ ತೆಳುವಾದ ಖನಿಜ ತೈಲವನ್ನು ಬಳಿದಿರುತ್ತಾರೆ. ಸಾಮಾನ್ಯ ಲೀಗ್‌ಗಳಲ್ಲಿ ಈ ಲೇಪನ ಸುಮಾರು 40 ಅಡಿಯವರೆಗೆ ಇದ್ದು, ಮಧ್ಯದಲ್ಲಿ ದಟ್ಟವಾಗಿಯೂ ಅಂಚುಗಳಲ್ಲಿ ವಿರಳವಾಗಿಯೂ ಇರುತ್ತದೆ. ಚೆಂಡು ಎಣ್ಣೆಯ ಮೇಲೆ ಜಾರಿ, ಒಣ ಭಾಗದಲ್ಲಿ ಹಿಡಿತ ಪಡೆದು ಪಿನ್‌ಗಳತ್ತ ತಿರುಗುತ್ತದೆ.

ಪಾಲಿಯೆಸ್ಟರ್ ಚೆಂಡು ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ರಿಯಾಕ್ಟಿವ್ ಚೆಂಡು ಎಣ್ಣೆಯನ್ನು ಹೀರಿಕೊಂಡು, ಒಣ ಭಾಗದಲ್ಲಿ ಚುರುಕಾಗಿ ತಿರುಗಿ ಪಿನ್‌ಗಳನ್ನು ಬಲವಾಗಿ ಹೊಡೆಯುತ್ತದೆ. ಯುರೆಥೇನ್ ಬೇಗನೆ ಹಿಡಿತ ಪಡೆದರೂ ನಿಧಾನವಾಗಿ, ಒಂದೇ ಸಮನಾದ ಕಮಾನಿನಂತೆ ಬಾಗುತ್ತದೆ. ಅದರ ಚಲನೆಯನ್ನು ಊಹಿಸುವುದು ಸುಲಭ. ಆದರೆ ಪಿನ್‌ಗಳನ್ನು ತಾಗುವ ಕೋನ ಕಿರಿದಾಗುವುದರಿಂದ ಎಲ್ಲ ಹತ್ತನ್ನೂ ಉರುಳಿಸುವ ಸಾಧ್ಯತೆ ತಗ್ಗುತ್ತದೆ.

ಇನ್ನೊಂದು ಅಂಶ ಗಮನಾರ್ಹ. ಯುರೆಥೇನ್ ಎಣ್ಣೆಯನ್ನು ಅಷ್ಟಾಗಿ ಹೀರದೆ ಮುಂದಕ್ಕೆ ಒಯ್ಯುತ್ತದೆ. ಒಣಗಿರಬೇಕಾದ ಭಾಗಕ್ಕೆ ಎಣ್ಣೆ ತಲುಪಿದಾಗ, ಅದೇ ಲೇನಿನಲ್ಲಿ ಆಡುವ ಸಹ ಆಟಗಾರರ ಚೆಂಡು ತಿರುಗದೆ ಜಾರಿಹೋಗಬಹುದು.

ಯಾರಿಗೆ ಸೂಕ್ತ?

ಚೆಂಡಿಗೆ ಹೆಚ್ಚು ಸುತ್ತು ಕೊಡುವ ಆಟಗಾರನಿಗೆ, ಎಣ್ಣೆಯ ಲೇಪನ ಗಿಡ್ಡವಾಗಿರುವಾಗ ಅಥವಾ ಲೇನಿನ ಅಂಚು ಒಣಗಿ ರಿಯಾಕ್ಟಿವ್ ಚೆಂಡು ಅತಿಯಾಗಿ ತಿರುಗುವಾಗ ಯುರೆಥೇನ್ ನೆರವಾಗುತ್ತದೆ. ಕಡಿಮೆ ಸುತ್ತು ಕೊಡುವವನು ಅದನ್ನು ದಟ್ಟ ಎಣ್ಣೆಯ ಮೇಲೆ ಎಸೆದರೆ ಹೊಡೆತ ಸಪ್ಪೆಯಾಗುತ್ತದೆ. ಆದ್ದರಿಂದ ಸಾಮಾನ್ಯ ಲೀಗ್ ಆಟಗಾರನು ಮೊದಲು ಸಾಧಾರಣ ಶಕ್ತಿಯ ರಿಯಾಕ್ಟಿವ್ ಚೆಂಡೊಂದನ್ನೂ, ಉಳಿದ ಪಿನ್‌ಗಳನ್ನು ನೇರವಾಗಿ ಹೊಡೆಯಲು ಪಾಲಿಯೆಸ್ಟರ್ ಚೆಂಡೊಂದನ್ನೂ ಹೊಂದುವುದು ಲೇಸು. ಯುರೆಥೇನ್ ಮೂರನೆಯದಾಗಿ ಬರಲಿ.

ತೂಕದ ಮಿತಿ 16 ಪೌಂಡ್, ಅಂದರೆ ಸುಮಾರು 7.26 ಕಿಲೋ. ಮೂರು ಆಟಗಳ ಕೊನೆಯಲ್ಲೂ ತೋಳು ಸೋಲದೆ ಎಸೆಯಬಹುದಾದ ತೂಕವೇ ಸರಿಯಾದ ತೂಕ; ಹೆಮ್ಮೆಗಾಗಿ ಭಾರದ ಚೆಂಡು ಕೊಳ್ಳುವುದು ಹಿತವಲ್ಲ. ಮೇಲ್ಮೈಯನ್ನು ಉಜ್ಜಿ ಒರಟಾಗಿಸಿದರೆ ಚೆಂಡು ಬೇಗ ಹಿಡಿತ ಪಡೆಯುತ್ತದೆ, ಹೊಳಪು ಕೊಟ್ಟರೆ ಮುಂದಕ್ಕೆ ಜಾರುತ್ತದೆ. ಹೊಸ ಚೆಂಡು ಕೊಳ್ಳುವ ಮುನ್ನ ಇರುವ ಚೆಂಡಿನ ಮೇಲ್ಮೈಯನ್ನು ಬದಲಿಸಿ ನೋಡುವುದು ಮಿತವ್ಯಯದ ದಾರಿ.

ನಿಯಮಗಳು

ಕವಚದ ಗಡಸುತನಕ್ಕೆ ಕನಿಷ್ಠ ಮಿತಿಯಿದೆ. ಡ್ಯೂರೋಮೀಟರ್ ಡಿ ಮಾಪಕದಲ್ಲಿ 72ಕ್ಕಿಂತ ಮೆತ್ತಗಿರುವ ಚೆಂಡುಗಳು ಕಂಡುಬಂದ ಕಾರಣ ಅಮೆರಿಕದ ಬೌಲಿಂಗ್ ಕಾಂಗ್ರೆಸ್ 2022ರಲ್ಲಿ, 2016 ಮತ್ತು 2017ರಲ್ಲಿ ತಯಾರಾದ ಪರ್ಪಲ್ ಹ್ಯಾಮರ್ ಎಂಬ ಯುರೆಥೇನ್ ಚೆಂಡುಗಳನ್ನು ತನ್ನ ರಾಷ್ಟ್ರೀಯ ಪಂದ್ಯಾವಳಿಗಳಿಂದ ಹೊರಗಿಟ್ಟಿತು. ಬೆರಳು ಹಾಕದ, ಸಮತೋಲನಕ್ಕಾಗಿ ಮಾತ್ರ ಕೊರೆದ ತೂತನ್ನು ಅದೇ ಸಂಸ್ಥೆ 2020ರ ಆಗಸ್ಟ್‌ನಿಂದ ನಿಷೇಧಿಸಿದೆ. ಹಳೆಯ ಚೆಂಡು ಕೊಳ್ಳುವವರು ತಯಾರಿಕೆಯ ವರ್ಷವನ್ನೂ ತೂತುಗಳನ್ನೂ ಪರಿಶೀಲಿಸಿ, ತಮ್ಮ ಲೀಗ್‌ನ ನಿಯಮಗಳನ್ನು ಮೊದಲೇ ಕೇಳಿ ತಿಳಿಯತಕ್ಕದ್ದು.

ವರ್ತಕರ ಹೊಣೆ

ಈ ವ್ಯಾಪಾರದ ನಿಜವಾದ ಅಪಾಯ ಕೊರೆಯುವ ಹಂತದಲ್ಲಿದೆ. ಚೆಂಡನ್ನು ಕೊಳ್ಳುವವನ ಕೈಯ ಅಳತೆಗೆ ತಕ್ಕಂತೆ ತೂತು ಕೊರೆದ ಮೇಲೆ ಅದನ್ನು ಹೊಸ ಸರಕೆಂದು ಬೇರೊಬ್ಬರಿಗೆ ಮಾರಲಾಗದು. ಆಮದು ಸುಂಕ, ತೆರಿಗೆ, ಸಾಗಣೆ ಮತ್ತು ಕೊರೆತದ ಕೂಲಿ ಸೇರಿದ ಪೂರ್ಣ ಬೆಲೆಯನ್ನು ಗಿರಾಕಿಗೆ ಮೊದಲೇ ತಿಳಿಸಬೇಕು. ಆತ ಆಡುವ ಕೇಂದ್ರ, ಅಲ್ಲಿಯ ಎಣ್ಣೆಯ ಉದ್ದ, ಈಗ ಬಳಸುವ ಚೆಂಡು ಮತ್ತು ಅದರಿಂದಾಗುತ್ತಿರುವ ತೊಂದರೆ, ಈ ನಾಲ್ಕನ್ನು ಕೇಳಿ ಬರೆದುಕೊಂಡ ನಂತರವೇ ಕೊರೆಯಲು ಒಪ್ಪಿಸಬೇಕು. ಮೊದಲ ಚೆಂಡು ಕೊಳ್ಳಲು ಬಂದವನಿಗೆ "ನಿಮಗಿನ್ನೂ ಯುರೆಥೇನ್ ಬೇಡ" ಎಂದು ಹೇಳಬಲ್ಲ ವರ್ತಕನು ಅಂದಿನ ಒಂದು ಮಾರಾಟವನ್ನು ಕಳೆದುಕೊಂಡರೂ ಗಿರಾಕಿಯನ್ನು ಉಳಿಸಿಕೊಳ್ಳುತ್ತಾನೆ.