ಏಕವರ್ಣದ ದ್ರವಸ್ಫಟಿಕ ಫಲಕಕ್ಕೆ ಅಲ್ಪವೆಚ್ಚದ ಬಣ್ಣ

ಬೆಳಕಿನ ಚರಿತ್ರೆಯಲ್ಲಿ ಮಂಡ್ಯ ಜಿಲ್ಲೆಗೆ ಒಂದು ವಿಶಿಷ್ಟ ಸ್ಥಾನವಿದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆ ಮಹಾಪ್ರವಾಹದ ಮುಂದೆ ಲೆಕ್ಕಕ್ಕೇ ಬಾರದಷ್ಟು ಅಲ್ಪವಾದ ವಿದ್ಯುತ್ತಿನಿಂದ ನಡೆಯುವ ಒಂದು ಸಾಧನ ಇಂದು ಮಂಡ್ಯ, ಮದ್ದೂರು, ಮಳವಳ್ಳಿಗಳ ಪ್ರತಿಯೊಂದು ಹಳ್ಳಿಯನ್ನೂ ಹೊಕ್ಕಿದೆ. ಅದು ದ್ರವಸ್ಫಟಿಕ ಫಲಕ. ಹೊಳಲಿನಂತಹ ಊರಿನಲ್ಲಿ ಅಂಗಡಿಯ ಕ್ಯಾಲ್ಕುಲೇಟರು, ಮನೆಯ ಗೋಡೆಯ ಮೇಲಿನ ವಿದ್ಯುತ್ ಮೀಟರು, ತೂಕದ ಯಂತ್ರ, ಮಗುವಿಗೆ ಜ್ವರ ಬಂದಾಗ ತಾಯಿ ಕೈಗೆತ್ತಿಕೊಳ್ಳುವ ಜ್ವರಮಾಪಕ - ಇವುಗಳಲ್ಲಿ ಬೂದು ನೆಲದ ಮೇಲೆ ಕಪ್ಪು ಅಂಕಿಗಳಾಗಿ ಮೂಡುವುದು ಈ ಫಲಕದ ಬರಹವೇ.

ಇಂತಹ ಫಲಕದಲ್ಲಿ ಎಲ್ಲ ಅಂಕಿಗಳೂ ಒಂದೇ ಬಣ್ಣದವು. ಜ್ವರ 98 ಡಿಗ್ರಿಯಿದ್ದರೂ 104 ಡಿಗ್ರಿಯಿದ್ದರೂ ಅಂಕಿಯ ಕಪ್ಪು ಒಂದೇ. ಓದಲು ಬಲ್ಲವರಿಗೆ ಇದು ತೊಡಕಲ್ಲ. ಆದರೆ ಮಬ್ಬುಗಣ್ಣಿನ ಹಿರಿಯರಿಗೆ, ಅಂಕಿಗಳ ಪರಿಚಯ ಸಾಲದವರಿಗೆ, ಅವಸರದಲ್ಲಿ ಇರುವವರಿಗೆ ಎಚ್ಚರಿಕೆಯ ಅಂಕಿಗೂ ಸಾಮಾನ್ಯ ಅಂಕಿಗೂ ಭೇದ ತೋರುವ ಒಂದು ಗುರುತು ಬೇಕು. ಬಣ್ಣವು ಅಂತಹ ಗುರುತು. ಹಾಗೆಂದು ಸಂಪೂರ್ಣ ವರ್ಣಫಲಕವನ್ನೇ ಅಳವಡಿಸಿದರೆ ಉಪಕರಣದ ಬೆಲೆ ಏರುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಆದುದರಿಂದ ಏಕವರ್ಣದ ಫಲಕವನ್ನು ಹಾಗೆಯೇ ಉಳಿಸಿಕೊಂಡು, ಬೇಕಾದ ಭಾಗಕ್ಕೆ ಮಾತ್ರ ಅಲ್ಪವೆಚ್ಚದಲ್ಲಿ ಬಣ್ಣ ಕೊಡುವುದು ಹೇಗೆಂಬುದು ವಿಚಾರಯೋಗ್ಯವಾದ ಪ್ರಶ್ನೆ.

ದ್ರವಸ್ಫಟಿಕವೆಂಬ ಪದವೇ ವಿರೋಧಾಭಾಸದಂತೆ ತೋರುತ್ತದೆ. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಜರ್ ಕೊಲೆಸ್ಟೆರಾಲಿನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದಾಗ ಅದು ಎರಡು ಸಲ ಕರಗಿದಂತೆ ಕಂಡಿತು. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯು ಮಸುಕಾದ ದ್ರವವಾಯಿತು; 178.5 ಡಿಗ್ರಿಯಲ್ಲಿ ಆ ಮಸುಕು ಕಳೆದು ತಿಳಿಯಾಯಿತು. ನಡುವಿನ ಅವಸ್ಥೆಯಲ್ಲಿ ಅದು ನೀರಿನಂತೆ ಹರಿಯುತ್ತಿದ್ದರೂ ಅದರ ಅಣುಗಳು ಹರಳಿನಲ್ಲಿರುವಂತೆ ಒಂದು ದಿಕ್ಕಿಗೆ ಒಲಿದು ನಿಂತಿದ್ದವು. ಜರ್ಮನಿಯ ಓಟ್ಟೊ ಲೇಮಾನ್ ಈ ಅವಸ್ಥೆಯನ್ನು ಆಳವಾಗಿ ಅಭ್ಯಸಿಸಿ ಅದಕ್ಕೆ ಹೆಸರನ್ನೂ ಕೊಟ್ಟರು. ಎಂಬತ್ತು ವರ್ಷಗಳ ಕಾಲ ಇದು ಬಹುಮಟ್ಟಿಗೆ ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯಿತು. 1970ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಷಾಟ್ ಮತ್ತು ಹೆಲ್ಫ್ರಿಕ್ ತಿರುಚು ರಚನೆಯ ಫಲಕವನ್ನು ರೂಪಿಸಿದ ಮೇಲೆ, ಮತ್ತು 1973ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾನಿಲಯದ ಜಾರ್ಜ್ ಗ್ರೇ ಸಾಧಾರಣ ಉಷ್ಣತೆಯಲ್ಲಿಯೇ ನಿಲ್ಲುವ ಸಂಯುಕ್ತಗಳನ್ನು ತಯಾರಿಸಿದ ಮೇಲೆ, ಅದು ಲೋಕೋಪಯೋಗಿಯಾಯಿತು.

ಈ ವಿದ್ಯೆಯಲ್ಲಿ ಕನ್ನಡ ನಾಡಿನ ಪಾಲು ಅಲ್ಪವಲ್ಲ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಬಂದ ಪ್ರೊಫೆಸರ್ ಎಸ್. ಚಂದ್ರಶೇಖರ್ ಅವರು 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ತೆರಳಿ ಅಲ್ಲಿ ದ್ರವಸ್ಫಟಿಕ ಪ್ರಯೋಗಶಾಲೆಯನ್ನು ಕಟ್ಟಿದರು. ಕಡ್ಡಿಯಂತಹ ಉದ್ದನೆಯ ಅಣುಗಳು ಮಾತ್ರವೇ ದ್ರವಸ್ಫಟಿಕವಾಗಬಲ್ಲವೆಂಬ ನಂಬಿಕೆ ಅಲ್ಲಿಯವರೆಗೆ ಬಲವಾಗಿತ್ತು. 1977ರಲ್ಲಿ ಅವರು ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಡನೆ ಬಿಲ್ಲೆಯಾಕಾರದ ಅಣುಗಳೂ ಒಂದರ ಮೇಲೊಂದು ಒಟ್ಟಿಕೊಂಡು ದ್ರವಸ್ಫಟಿಕವಾಗುವುವೆಂದು ತೋರಿಸಿದರು. ಆ ಬಗೆಯ ಅಣುಗಳಿಂದ ಮಾಡಿದ ತೆಳುಹಾಳೆಗಳು ಮುಂದೆ ಫಲಕಗಳನ್ನು ಓರೆಯಿಂದಲೂ ಸ್ಪಷ್ಟವಾಗಿ ನೋಡುವಂತೆ ಮಾಡಲು ಬಳಕೆಯಾದವು. 1991ರಲ್ಲಿ ಅವರು ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪಿಸಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರವು ಇಂದು ನ್ಯಾನೋ ಮತ್ತು ಮೃದುವಸ್ತು ವಿಜ್ಞಾನ ಕೇಂದ್ರವಾಗಿ ಬೆಳೆದಿದೆ.

ಫಲಕದ ರಚನೆ ಸರಳವಾದುದು. ಎರಡು ಗಾಜಿನ ತಟ್ಟೆಗಳ ನಡುವೆ, ಕೂದಲಿನ ದಪ್ಪದ ಹತ್ತನೆಯ ಒಂದು ಪಾಲಿನಷ್ಟು ತೆರವಿನಲ್ಲಿ, ದ್ರವಸ್ಫಟಿಕವನ್ನು ತುಂಬಿರುತ್ತಾರೆ. ಗಾಜಿನ ಒಳಮೈಗೆ ವಿದ್ಯುತ್ತನ್ನು ಒಯ್ಯುವ ಪಾರದರ್ಶಕ ಲೇಪವಿದ್ದು, ಅದರ ಮೇಲಿನ ಮತ್ತೊಂದು ಪೊರೆಯನ್ನು ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜಿರುತ್ತಾರೆ. ಅಣುಗಳು ಉಜ್ಜಿದ ದಿಕ್ಕಿಗೆ ಒಲಿಯುತ್ತವೆ. ಮೇಲಿನ ಗಾಜಿನ ದಿಕ್ಕೂ ಕೆಳಗಿನ ಗಾಜಿನ ದಿಕ್ಕೂ ಪರಸ್ಪರ ಲಂಬವಾಗಿರುವುದರಿಂದ, ನಡುವಿನ ಅಣುಗಳು ಸುರುಳಿ ಮೆಟ್ಟಿಲಿನಂತೆ 90 ಡಿಗ್ರಿ ತಿರುಚಿಕೊಳ್ಳುತ್ತವೆ. ಹೊರಮೈಗಳ ಮೇಲೆ ಧ್ರುವೀಕಾರಕವೆಂಬ ಹಾಳೆಗಳಿರುತ್ತವೆ. ಬೆಳಕಿನ ಕಂಪನಗಳಲ್ಲಿ ಒಂದೇ ದಿಕ್ಕಿನವನ್ನು ಬಿಟ್ಟು ಉಳಿದವನ್ನು ತಡೆಯುವುದು ಅವುಗಳ ಕೆಲಸ. ಮೇಲಿನ ಹಾಳೆಯನ್ನು ದಾಟಿದ ಬೆಳಕು ಅಣುಗಳ ಮೆಟ್ಟಿಲನ್ನು ಅನುಸರಿಸಿ 90 ಡಿಗ್ರಿ ತಿರುಗಿ, ಅದಕ್ಕೆ ಲಂಬವಾಗಿರುವ ಕೆಳಗಿನ ಹಾಳೆಯನ್ನೂ ದಾಟುತ್ತದೆ. ವಿದ್ಯುತ್ತು ಕೊಟ್ಟೊಡನೆ ಅಣುಗಳು ನೆಟ್ಟಗೆ ನಿಲ್ಲುತ್ತವೆ, ಮೆಟ್ಟಿಲು ಕಳಚುತ್ತದೆ, ಬೆಳಕು ತಿರುಗದೆ ಎರಡನೆಯ ಹಾಳೆಯಲ್ಲಿ ತಡೆಯಲ್ಪಡುತ್ತದೆ, ಆ ಭಾಗ ಕಪ್ಪಾಗುತ್ತದೆ. ಫಲಕವು ತಾನೇ ಬೆಳಗುವುದಿಲ್ಲ, ಬೆಳಕಿಗೆ ಬಾಗಿಲಾಗುತ್ತದೆ ಅಷ್ಟೆ. ಆದುದರಿಂದಲೇ ಅದಕ್ಕೆ ಬೇಕಾದ ವಿದ್ಯುತ್ತು ಅತ್ಯಲ್ಪ. ಸೂರ್ಯನ ಬೆಳಕಿನಲ್ಲಿ ಅದು ಮಂಕಾಗುವ ಬದಲು ಹೆಚ್ಚು ಸ್ಪಷ್ಟವಾಗುತ್ತದೆ.

ಸಂಪೂರ್ಣ ವರ್ಣಫಲಕದಲ್ಲಿ ಪ್ರತಿಯೊಂದು ಬಿಂದುವನ್ನೂ ಕೆಂಪು, ಹಸಿರು, ನೀಲಿ ಎಂಬ ಮೂರು ಭಾಗಗಳಾಗಿ ಒಡೆಯಬೇಕು. ನಡೆಸುವ ತಂತಿಗಳು ಮೂರು ಪಟ್ಟಾಗುತ್ತವೆ. ಪ್ರತಿ ಭಾಗದ ಬಣ್ಣದ ಸೋಸುಹಾಳೆ ಬೆಳಕಿನ ಸುಮಾರು ಮೂರರಲ್ಲಿ ಎರಡು ಪಾಲನ್ನು ನುಂಗುವುದರಿಂದ ಹಿಂದೆ ಸದಾ ದೀಪ ಉರಿಯುತ್ತಿರಬೇಕು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎಂಜಿನಿಯರುಗಳೂ ಸೇರಿ ಜನಸಾಮಾನ್ಯರಿಗಾಗಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕವು 2001ರಲ್ಲಿ ಮೊದಲು ಪ್ರದರ್ಶಿತವಾದಾಗ ಏಕವರ್ಣದ ಫಲಕವನ್ನೇ ಆಯ್ದುಕೊಂಡಿತ್ತು. ಮುಂದೆ ಬಣ್ಣದ ಮಾದರಿಯೂ ಬಂದಿತಾದರೂ ಅದರ ಬೆಲೆ ಏಕವರ್ಣದ ಮಾದರಿಗಿಂತ ಬಹಳ ಹೆಚ್ಚಾಗಿತ್ತು. ಇಂದು ದೂರವಾಣಿಗಳಲ್ಲಿ ವರ್ಣಫಲಕ ಸಾಮಾನ್ಯವಾಗಿದ್ದರೂ, ಒಂದು ಗುಂಡಿ ಬ್ಯಾಟರಿಯಿಂದ ವರ್ಷಗಟ್ಟಲೆ ನಡೆಯಬೇಕಾದ ಉಪಕರಣಗಳಿಗೆ ಏಕವರ್ಣವೇ ಗತಿ.

ಅಲ್ಪವೆಚ್ಚದಲ್ಲಿ ಬಣ್ಣ ಸೇರಿಸುವ ಮಾರ್ಗಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಫಲಕದ ಒಂದು ನಿಶ್ಚಿತ ಭಾಗದ ಮೇಲೆ ಬಣ್ಣದ ಪಾರದರ್ಶಕ ಹಾಳೆಯನ್ನು ಅಂಟಿಸುವುದು ಅಥವಾ ಅಂತಹ ಶಾಯಿಯನ್ನು ಮುದ್ರಿಸುವುದು. ಇದರಷ್ಟು ಅಗ್ಗವಾದುದು ಬೇರಿಲ್ಲ. ಆದರೆ ಹಿಂಬದಿಯಲ್ಲಿ ದೀಪವಿಲ್ಲದ ಫಲಕದಲ್ಲಿ ಬೆಳಕು ಒಳಹೋಗುವಾಗ ಒಮ್ಮೆ, ಮರಳುವಾಗ ಮತ್ತೊಮ್ಮೆ, ಹೀಗೆ ಎರಡು ಸಲ ಆ ಹಾಳೆಯನ್ನು ದಾಟುತ್ತದೆ. ಆದುದರಿಂದ ಗಾಢವಾದ ಹಾಳೆಯನ್ನು ಹಾಕಿದರೆ ಅಂಕಿಗಳೇ ಕಾಣದಾಗುತ್ತವೆ, ತಿಳಿಬಣ್ಣವೇ ಉಚಿತ.

ಎರಡನೆಯದು, ಹಿಂಬದಿಯ ದೀಪದ ಬಣ್ಣವನ್ನು ಬದಲಿಸುವುದು. ಕೆಲವು ಜ್ವರಮಾಪಕಗಳಲ್ಲಿ ಉಷ್ಣತೆ ಸಾಮಾನ್ಯವಾಗಿದ್ದರೆ ಹಸಿರು, ಹೆಚ್ಚಿದ್ದರೆ ಕೆಂಪು ದೀಪ ಹತ್ತುವುದು ಈ ಮಾರ್ಗದ ಉದಾಹರಣೆ. ಅಂಕಿ ಕಪ್ಪಾಗಿಯೇ ಉಳಿದು ನೆಲ ಮಾತ್ರ ಬಣ್ಣ ಬದಲಿಸುತ್ತದೆ. ದೀಪ ಕೆಲವು ಕ್ಷಣ ಮಾತ್ರ ಉರಿದರೆ ಬ್ಯಾಟರಿಗೂ ಹೊರೆಯಾಗದು.

ಮೂರನೆಯದು, ವರ್ಣದ್ರವ್ಯದ ಉಪಯೋಗ. ಸಾಮಾನ್ಯ ಧ್ರುವೀಕಾರಕದ ಬದಲು ಒಂದೇ ಬಣ್ಣವನ್ನು ಧ್ರುವೀಕರಿಸುವ ಹಾಳೆಯನ್ನು ಹಾಕಿದರೆ ಅಂಕಿಗಳು ಕಪ್ಪಿನ ಬದಲು ಕೆಂಪಾಗಿಯೋ ನೀಲಿಯಾಗಿಯೋ ಮೂಡುತ್ತವೆ. ದ್ರವಸ್ಫಟಿಕದೊಳಗೇ ವರ್ಣದ್ರವ್ಯವನ್ನು ಬೆರೆಸುವ ಕ್ರಮವೂ ಉಂಟು. ಆತಿಥೇಯನಾದ ದ್ರವಸ್ಫಟಿಕ ತಿರುಗಿದತ್ತ ಅತಿಥಿಯಾದ ವರ್ಣದ ಅಣುವೂ ತಿರುಗುತ್ತದೆ.

ನಾಲ್ಕನೆಯದು ಅತ್ಯಂತ ಸ್ವಾರಸ್ಯಕರವಾದುದು. ಅದರಲ್ಲಿ ಬಣ್ಣವೆಂಬ ವಸ್ತುವೇ ಇಲ್ಲ. ಸೆಲೊಫೇನಿನಂತಹ ಎಳೆದು ಮಾಡಿದ ಪಾರದರ್ಶಕ ಹಾಳೆಯಲ್ಲಿ ಬೆಳಕು ಎರಡು ದಿಕ್ಕುಗಳಲ್ಲಿ ಎರಡು ವೇಗದಿಂದ ಸಾಗುತ್ತದೆ. ಎರಡು ಧ್ರುವೀಕಾರಕಗಳ ನಡುವೆ ಅದನ್ನು 45 ಡಿಗ್ರಿ ಓರೆಯಾಗಿ ಇಟ್ಟರೆ, ಹಿಂದೆ ಬಿದ್ದ ಕಂಪನವೂ ಮುಂದೆ ಹೋದ ಕಂಪನವೂ ಕೂಡಿ ಕೆಲವು ಬಣ್ಣಗಳು ಅಳಿಯುತ್ತವೆ, ಕೆಲವು ಉಳಿಯುತ್ತವೆ. ಈ ಅಂತರ 560 ನ್ಯಾನೋಮೀಟರಿನಷ್ಟಿದ್ದರೆ, ಪರಸ್ಪರ ಲಂಬವಾದ ಧ್ರುವೀಕಾರಕಗಳ ನಡುವೆ ಹಸಿರು ಅಳಿದು ನೇರಳೆಗೆಂಪು ಕಾಣುತ್ತದೆ. ಸಮಾಂತರವಾದವುಗಳ ನಡುವೆ ತಿಳಿಹಸಿರು ಕಾಣುತ್ತದೆ. ಒಂದು ಇನ್ನೊಂದಕ್ಕೆ ಪೂರಕ ವರ್ಣ. ದ್ರವಸ್ಫಟಿಕವೂ ಬೆಳಕನ್ನು 90 ಡಿಗ್ರಿ ತಿರುಗಿಸುವ ಅಥವಾ ತಿರುಗಿಸದಿರುವ ಸಾಧನವಷ್ಟೆ. ಹೀಗಾಗಿ ಅಂತಹ ತುಣುಕನ್ನು ಫಲಕದ ಗಾಜಿಗೂ ಮೇಲಿನ ಧ್ರುವೀಕಾರಕಕ್ಕೂ ನಡುವೆ ಸೇರಿಸಿದರೆ, ಆ ಜಾಗದಲ್ಲಿ ನೆಲ ಒಂದು ಬಣ್ಣವಾಗಿಯೂ ಅಂಕಿ ಅದರ ಪೂರಕ ಬಣ್ಣವಾಗಿಯೂ ಮೂಡುತ್ತದೆ. ಪದರಗಳನ್ನು ಹೆಚ್ಚಿಸಿದಂತೆ ಬಣ್ಣ ಬದಲಾಗುತ್ತದೆ. ತೀರ ಹೆಚ್ಚಾದರೆ ಬಣ್ಣಗಳೆಲ್ಲ ಬೆರೆತು ಬಿಳಿಚುತ್ತವೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೇ ಎಸ್. ಪಂಚರತ್ನಂ ಅವರು 1955ರಲ್ಲಿ ಇಂತಹ ಪದರಗಳನ್ನು ಜೋಡಿಸಿ ಎಲ್ಲ ಬಣ್ಣಗಳ ಮೇಲೂ ಒಂದೇ ಪರಿಣಾಮ ಬೀರುವಂತೆ ಮಾಡುವ ಬಗೆಯನ್ನು ತೋರಿಸಿದ್ದರು. ಬಣ್ಣವನ್ನು ಕಳೆಯುವ ಆ ವಿದ್ಯೆಯೂ ಬಣ್ಣವನ್ನು ಪಡೆಯುವ ಈ ಉಪಾಯವೂ ಒಂದೇ ತತ್ತ್ವದ ಎರಡು ಮುಖಗಳು.

ಈ ನಾಲ್ಕನೆಯ ಮಾರ್ಗವನ್ನು ಯಾವ ಪ್ರೌಢಶಾಲೆಯಲ್ಲಾದರೂ ತೋರಿಸಬಹುದು. ಹಳೆಯ ಕ್ಯಾಲ್ಕುಲೇಟರಿನ ಫಲಕದ ಒಂದು ಭಾಗಕ್ಕೆ ಸೆಲೊಫೇನ್ ಪಟ್ಟಿಯನ್ನು ಎರಡು ಮೂರು ಪದರವಾಗಿ ಓರೆಯಾಗಿ ಅಂಟಿಸಿ, ಅದರ ಮೇಲೆ ಧ್ರುವೀಕಾರಕದ ಚಿಕ್ಕ ತುಣುಕನ್ನು ಹಿಡಿದು ತಿರುಗಿಸಬೇಕು. ಆ ತುಣುಕು ಫಲಕದ ಹಾಳೆಗೆ ಸಮಾಂತರವಾದಾಗ ಪಟ್ಟಿಯಿಲ್ಲದ ಭಾಗ ಮೊದಲಿನಂತೆಯೇ ಇದ್ದು, ಪಟ್ಟಿಯಿರುವ ಭಾಗದ ಅಂಕಿಗಳ ಹಿಂದೆ ಮಾತ್ರ ಬಣ್ಣ ಮೂಡುತ್ತದೆ. ಫಲಕವನ್ನು ಬಿಚ್ಚುವ ಅಗತ್ಯವಿಲ್ಲ. ಎಲ್ಲ ಅಂಟುಪಟ್ಟಿಗಳಿಗೂ ಈ ಗುಣವಿರುವುದಿಲ್ಲವಾದ್ದರಿಂದ ಎರಡು ಮೂರು ಬಗೆಯವನ್ನು ಪರೀಕ್ಷಿಸಿ ನೋಡುವುದು ಒಳ್ಳೆಯದು.

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳು ಅವಶ್ಯ. ಇಂತಹ ಬಣ್ಣವು ನೋಡುವ ಕೋನದೊಂದಿಗೆ ಬದಲಾಗಬಹುದು. ಸೇರಿಸಿದ ಪ್ರತಿ ಹಾಳೆಯೂ ಸ್ವಲ್ಪ ಬೆಳಕನ್ನು ನುಂಗುತ್ತದೆ. ಅದಕ್ಕಿಂತ ಮುಖ್ಯವಾದುದು, ಕೆಂಪು-ಹಸಿರುಗಳ ಭೇದ ಕಾಣದವರು ಗಂಡಸರಲ್ಲಿ ನೂರಕ್ಕೆ ಕೆಲವರಾದರೂ ಇದ್ದಾರೆಂಬುದನ್ನು ಮರೆಯಬಾರದು. ಬಣ್ಣವು ಅಂಕಿಗೆ ಬೆಂಬಲವಾಗಬೇಕೇ ಹೊರತು ಅಂಕಿಯ ಸ್ಥಾನವನ್ನು ಆಕ್ರಮಿಸಬಾರದು. ಎಚ್ಚರಿಕೆಯ ಬಣ್ಣದೊಡನೆ ಒಂದು ಚಿಹ್ನೆಯೋ ಸದ್ದೋ ಇದ್ದರೆ ಆ ದೋಷ ನೀಗುತ್ತದೆ.

ಕಾಯಕವನ್ನೇ ಪೂಜೆಯೆಂದು ಬಗೆದ ಪರಂಪರೆಯ ವಿದ್ಯಾಸಂಸ್ಥೆಗಳಲ್ಲಿ ವಿಜ್ಞಾನವು ಪುಸ್ತಕದ ಪಾಠವಾಗಿ ನಿಲ್ಲದೆ ಕೈಯ ಕೆಲಸವಾಗಬೇಕು. ಬೆಲೆಬಾಳುವ ಯಂತ್ರಗಳಿಲ್ಲವೆಂಬುದು ಅದಕ್ಕೆ ಅಡ್ಡಿಯಲ್ಲ. ಕೆಟ್ಟ ಕ್ಯಾಲ್ಕುಲೇಟರುಗಳು, ಅಂಟುಪಟ್ಟಿಯ ಒಂದು ಸುರುಳಿ, ಧ್ರುವೀಕಾರಕದ ಒಂದು ಹಾಳೆ - ಇಷ್ಟನ್ನು ಒಬ್ಬ ಹಿರಿಯ ವಿದ್ಯಾರ್ಥಿ ತನ್ನ ಶಾಲೆಗೆ ಒದಗಿಸಿದರೆ, ಒಬ್ಬ ಉಪಾಧ್ಯಾಯರು ಒಂದು ಮಧ್ಯಾಹ್ನವನ್ನು ಅದಕ್ಕೆ ಮೀಸಲಿಟ್ಟರೆ ಸಾಕು. ಹೊಳಲಿನ ಮಗುವೊಂದು ಬಣ್ಣವಿಲ್ಲದ ಹಾಳೆಯಿಂದ ಬಣ್ಣ ಹುಟ್ಟುವುದನ್ನು ಕಣ್ಣಾರೆ ಕಂಡು, ಅದು ಏಕೆಂದು ಕೇಳುತ್ತದೆ. ಆ ಪ್ರಶ್ನೆಯನ್ನು ಹುಟ್ಟಿಸಿದ ಶಾಲೆಯು ತನ್ನ ಕರ್ತವ್ಯವನ್ನು ನೆರವೇರಿಸಿದಂತೆಯೇ ಸರಿ.